ಬಾಯಿ ತೊಳೆಯದ ಬೆಳಗು

ಉಗುಳುವವರಿಗೆ ನಮ್ಮ ಡೊಂಬಿವಲಿಯಲ್ಲಿ ಬರಗಾಲವಿಲ್ಲ. ಮೆಟ್ಟಿಲಿನ ಮೂಲೆಮೂಲೆಗೂ ದೇವರ ಚಿತ್ರದ ಟೈಲ್ಸ್ ಅಂಟಿಸಿದರೆ, ಆ ದೇವರಿಗೆ ಕೈಮುಗಿದು ಒಂದು ಗೇಣು ಆಚೆ ಉಗುಳುವಷ್ಟು ಭಕ್ತಿವಂತರು ಇಲ್ಲಿದ್ದಾರೆ. ಇಂಥ ಸಮೃದ್ಧಿಯ ಊರಿನಲ್ಲಿ ನನ್ನ ಸೊಸೆ ಸುಮಳಿಗೆ ಕಿರುಬೆರಳಿನಷ್ಟು ಕೊಳವೆಯನ್ನು ಎಂಜಲಿನಿಂದ ತುಂಬಿಸುವುದು ಕಷ್ಟವಾಯಿತೆಂದರೆ ನೀವು ನಗುತ್ತೀರಿ. ಮೊದಲು ನಾನೂ ನಕ್ಕೆ.

ಸುಮ ಥಾಣೆಯಲ್ಲಿ ಲೋಕಲ್ ರೈಲುಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಹೋಗುವವಳು. ಕೆಲವು ತಿಂಗಳಿಂದ ಅವಳಿಗೆ ನಿದ್ರೆಯಿಲ್ಲ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿಬೀಳುತ್ತಾಳೆ. ಆತಂಕ ಹೆಚ್ಚಾದಾಗ ಮೈಯಲ್ಲಿ ಏರುವ ಹಾರ್ಮೋನೊಂದಿದೆಯಂತೆ, ಅದರ ಸಮಾಚಾರ ಎಂಜಲಿನಲ್ಲಿ ಸಿಗುತ್ತದಂತೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನಗೆ, ಮುಖ ನೋಡಿದರೆ ತಿಳಿಯುವುದನ್ನು ಎಂಜಲಿನಲ್ಲಿ ಹುಡುಕುವ ವಿದ್ಯೆ ವಿಚಿತ್ರವಾಗಿ ಕಂಡಿತು. ಹಾಗೆಂದು ಹೇಳಿಯೂಬಿಟ್ಟೆ.

"ಮುಖ ನೋಡಿ ನೀವು ಹೇಳಿದ್ರೆ ಆಫೀಸಿನವರು ನಂಬುದಿಲ್ಲ ಅತ್ತೆ," ಎಂದಳು. "ನನಗೂ ಗೊತ್ತಾಗ್ಬೇಕು, ಇದು ಕಾಯಿಲೆಯಾ, ನನ್ನ ಸೋಮಾರಿತನವಾ ಅಂತ."

ಕೊಳವೆ ಕೊಟ್ಟ ಲ್ಯಾಬಿನ ಹುಡುಗಿ, "ಉಠತೇ ಹೀ ಲೇನಾ ಆಂಟಿ. ಬ್ರಷ್ ನಹೀಂ, ಕುಲ್ಲಾ ನಹೀಂ, ಚಾಯ್ ನಹೀಂ," ಎಂದು, ಹಲ್ಲುಜ್ಜದೆ, ಬಾಯಿ ಮುಕ್ಕಳಿಸದೆ, ಚಹಾ ಕುಡಿಯದೆ ತೆಗೆಯಬೇಕೆಂದು ಎಚ್ಚರಿಸಿದ್ದಳು. ದಿನದಲ್ಲಿ ಇನ್ನೂ ಕೆಲವು ಸಲ ತೆಗೆಯಬೇಕಾದರೂ ಎದ್ದ ತಕ್ಷಣದ ಎಂಜಲೇ ಮುಖ್ಯವಂತೆ. ಆದರೆ ಬಾಯಿ ಮುಕ್ಕಳಿಸದೆ ಅಡುಗೆಮನೆಯ ಹೊಸ್ತಿಲು ದಾಟಬಾರದೆಂಬುದು ನಾನು ಉಡುಪಿಯ ಕಡೆಯಿಂದ ಹೊತ್ತುತಂದ ಕಾನೂನು. ಈ ಫ್ಲ್ಯಾಟಿನ ಅಡುಗೆಮನೆಗೆ ಹೊಸ್ತಿಲೇ ಇಲ್ಲ, ಆದರೂ ಯಾರನ್ನೂ ದಾಟಗೊಟ್ಟವಳಲ್ಲ. ಹೀಗಾಗಿ ಎದ್ದೊಡನೆ ಸುಮ ಬಚ್ಚಲಿಗೆ ನಡೆದಳು. ಮುಕ್ಕಳಿಸಿ ಉಗುಳಿದ ಮೇಲೆ ಹಣೆ ಬಡಿದುಕೊಂಡಳು. ಮರುದಿನವೂ ಅದೇ ಕಥೆ.

"ಎಂತ ಮಾರಾಯ್ತಿ, ತಲೆ ಎಲ್ಲಿಟ್ಟಿದ್ದಿ?" ಎಂದೆ.

"ತಲೆಗೆ ನೆನಪಿತ್ತು ಅತ್ತೆ. ಕಾಲಿಗೆ ನಿಮ್ಮ ಹೆದರಿಕೆ."

ತಮಾಷೆಗೇ ಹೇಳಿದಳು, ಆದರೆ ಕಣ್ಣು ತುಂಬಿತ್ತು.

ಮಾರನೆಯ ಬೆಳಿಗ್ಗೆ, ಮಗ ರಾತ್ರಿಪಾಳಿಯಿಂದ ಇನ್ನೂ ಬಂದಿರಲಿಲ್ಲ. ಅಲಾರಂ ಕೂಗುವ ಮುಂಚೆಯೇ ಕೊಳವೆ ಹಿಡಿದು ಸುಮಳ ಮಂಚದ ಬದಿಯಲ್ಲಿ ಕುಳಿತೆ. ಎಷ್ಟೋ ಕೂಸುಗಳ ಜೊಲ್ಲು ಒರೆಸಿದ ಕೈ ಇದು, ಆದರೆ ಬೆಳೆದ ಹೆಂಗಸಿನ ಎಂಜಲಿಗೆ ಒಡ್ಡಿದ್ದು ಇದೇ ಮೊದಲು. ಅವಳು ಕಣ್ಣು ಬಿಟ್ಟೊಡನೆ ಕೊಳವೆಯನ್ನು ತುಟಿಗೆ ಹಿಡಿದೆ. ಅವಳ ಬಾಯಿ ಒಣಗಿಹೋಗಿತ್ತು. ಹುಳಿ ತಿನ್ನಿಸುವಂತಿರಲಿಲ್ಲ, ಹುಳಿಯ ಮಾತಾಡಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ.

"ಎಳೇ ಬಿಂಬುಳಿ ಸೀಳಿ, ಉಪ್ಪು ಖಾರ ಹಚ್ಚಿ, ಬಿಸಿಲಲ್ಲಿ ಸ್ವಲ್ಪ ಇಟ್ಟು..." ಎಂದು ನಮ್ಮೂರ ಹುಳಿಕಾಯಿಯ ಉಪ್ಪಿನಕಾಯಿಗೆ ಶುರುಮಾಡಿದೆ.

"ಅಯ್ಯೋ, ಸಾಕು ಅತ್ತೆ!" ಎನ್ನುವಷ್ಟರಲ್ಲಿ ನೀರೂರಿತು. ನಾನು ಬಿಡಲಿಲ್ಲ, ಕೊಳವೆ ತುಂಬುವವರೆಗೂ ಕೊಯ್ದೆ, ಹಚ್ಚಿದೆ, ಒಣಗಿಸಿದೆ. ಮುಚ್ಚಳ ಬಿಗಿದು ಅಡುಗೆಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲೇ ಇಟ್ಟು ಬಂದ ಮೇಲೆ, ನಾನೂ ಇನ್ನೂ ಬಾಯಿ ತೊಳೆದಿಲ್ಲವೆಂಬುದು ಹೊಳೆಯಿತು. ಆಕಾಶವೇನೂ ಕಳಚಿಬಿದ್ದಿರಲಿಲ್ಲ.

"ರಿಪೋರ್ಟಲ್ಲಿ ಎಂತದೂ ಇಲ್ಲ ಅಂತ ಬಂದ್ರೆ?" ಸುಮ ಮೆಲ್ಲಗೆ ಕೇಳಿದಳು.

"ಕಾಯಿಲೆ ಆದ್ರೆ ಮದ್ದುಂಟು. ಸೋಮಾರಿತನ ಆದ್ರೆ ಮಲಗಿದ್ರಾಯ್ತು. ಎರಡಕ್ಕೂ ಈಗ ಏಳುದು ಬೇಡ."

ಅವಳ ಗಾಡಿಯ ಹೊತ್ತಾಗುತ್ತಿತ್ತು. ಗಡಿಯಾರವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು; ಆಫೀಸಿನ ಹೆದರಿಕೆ ಹೆಚ್ಚೋ ಅತ್ತೆಯದೋ ಎಂದು ಒಂದು ಕ್ಷಣ ತೂಗಿ, ಗೋಡೆಯ ಕಡೆ ತಿರುಗಿ, ಹೊದಿಕೆ ಎಳೆದುಕೊಂಡಳು.