ಅಟೆಂಡರ್ ಯಾರು?

‘ಪೇಷೆಂಟ್ ಅಟೆಂಡರ್ ಎವರಂಡಿ?’

ನರ್ಸ್ ಬಾಗಿಲಿನಿಂದ ತಲೆ ಹೊರಗೆ ಹಾಕಿ ಕೂಗಿದಳು. ನನ್ನ ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಧಡಕ್ಕನೆ ಎದ್ದು ನಿಂತರು. ಮುಖ ಕೆಂಪಗಾಗಿತ್ತು. ಏಳು ವರ್ಷದಲ್ಲಿ ಕಲಿತ ಮೂರೂಮುಕ್ಕಾಲು ತೆಲುಗಿನಲ್ಲಿ, ‘ನೇನೇ. ನೇನೇ ಅಟೆಂಡರ್’ ಅಂದರು. ಆಮೇಲೆ ಭಾಷೆ ಕೈಕೊಟ್ಟಿತು. ಕನ್ನಡದಲ್ಲೇ ಮುಗಿಸಿದರು: ‘ಮೂವತ್ತೊಂದು ವರ್ಷ ಮಾಡ್ದೆ ತಾಯಿ. ಈಗ ರಿಟೈರ್ಡು.’

ನರ್ಸ್ ಕಣ್ಣು ಕಣ್ಣು ಬಿಟ್ಟಳು. ಪಾಪ, ಅವಳು ಕೇಳಿದ್ದು ರೋಗಿಯ ಜೊತೆಗೆ ಯಾರಿದ್ದೀರಿ ಅಂತ ಅಷ್ಟೇ.

ನಗು ಬರಬೇಕಿತ್ತು. ನನಗೆ ಮಾತ್ರ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆ. ಚಿಕ್ಕಪ್ಪನ ಮಗಳು ಸುಧಾಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ನಾನು ವಿಶಾಖಪಟ್ಟಣದಿಂದ ರೈಲು ಹತ್ತಿ ಬಂದಿದ್ದೆ, ಚಿಕ್ಕಪ್ಪ ದಾವಣಗೆರೆಯಿಂದ. ಸುಧಾಳ ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ನಮ್ಮೆದುರು ಕುರ್ಚಿಯಲ್ಲಿ ಅವಳ ಮಾವ ವೆಂಕಟರಾವ್. ಅಲ್ಲಿನ ಒನ್ ಟೌನ್ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ ಇಟ್ಟವರು. ಚಿಕ್ಕಪ್ಪನನ್ನು ಬಾಯ್ತುಂಬ ‘ಮಾಸ್ಟಾರು’ ಅಂತ ಕರೆಯುವವರು.

ಮಾಸ್ಟಾರು ಅಂದರೆ ಮೇಷ್ಟ್ರು. ಚಿಕ್ಕಪ್ಪ ಮೇಷ್ಟ್ರಲ್ಲ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಅಟೆಂಡರ್ ಆಗಿದ್ದವರು.

ಈ ತಪ್ಪು ಹುಟ್ಟಿದ್ದು ಎಲ್ಲಿ? ನನ್ನ ನಾಲಿಗೆಯಲ್ಲಿ. ಏಳು ವರ್ಷದ ಹಿಂದೆ ಸಂಬಂಧದ ಮಾತುಕತೆ ನಡೆದಾಗ ಎರಡೂ ಭಾಷೆ ಗೊತ್ತಿದ್ದವಳು ನಾನೊಬ್ಬಳೇ (ತೆಲುಗು ಮನೆ ಸೇರಿ ಆಗಲೇ ಹದಿನೈದು ವರ್ಷವಾಗಿತ್ತು). ‘ತಮ್ಮ ಕೆಲಸ?’ ಅಂತ ವೆಂಕಟರಾವ್ ಕೇಳಿದರು. ಚಿಕ್ಕಪ್ಪ ತಲೆಯೆತ್ತಿ, ‘ಕಾಲೇಜ್ನಾಗೆ ಅಟೆಂಡರ್’ ಅಂದರು. ತುಂಬಿದ ಮನೆಯ ಗದ್ದಲದಲ್ಲಿ ಆ ಪದ ವೆಂಕಟರಾವ್ ಕಿವಿಗೆ ಬೀಳಲಿಲ್ಲ. ನಾನು ತೆಲುಗಿಗೆ ತಂದಿದ್ದು ಮೊದಲರ್ಧ ಮಾತ್ರ. ‘ಕಾಲೇಜಿನಲ್ಲಿ ಕೆಲಸ.’ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ದಪ್ಪ ಕನ್ನಡಕ. ಉಳಿದರ್ಧವನ್ನು ಅವರೇ ತುಂಬಿಕೊಂಡರು.

ಮದುವೆಯ ದಿನ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದರು. ‘ಇವ್ರು ಮಾಸ್ಟಾರು ಅಂತಾರಲ್ಲಮ್ಮ, ಮೇಷ್ಟ್ರು ಅಂತ ಅಲ್ವಾ?’

‘ಇಲ್ಲಿ ದೊಡ್ಡವರಿಗೆಲ್ಲ ಹಂಗೇ ಕರೀತಾರೆ ಚಿಕ್ಕಪ್ಪ’ ಅಂದೆ. ಅವರು ನಂಬಲಿಲ್ಲ. ಮಗಳ ಮುಖ ನೋಡಿ ಸುಮ್ಮನಾದರು. ಸುಧಾಳಿಗೂ ಬಾಯಿ ಬಿಡಬೇಡ ಅಂತ ನಾನೇ ಹೇಳಿದ್ದೆ.

ಇಷ್ಟೆಲ್ಲ ರಾಮಾಯಣ ಒಂದು ಪದದಿಂದ. ಇಂಗ್ಲಿಷಿನಲ್ಲಿ ಪದದ ತುದಿಗೆ ಅಂಟುವ ಈ ‘ಅರ್’ ಇದೆಯಲ್ಲ, ಅದು ಬಲು ಸರಳ ಬಾಲ. ಟೀಚ್ ಮಾಡುವವರು ಟೀಚರ್, ಡ್ರೈವ್ ಮಾಡುವವರು ಡ್ರೈವರ್. ನಮ್ಮ ಹಾಡುಗಾರ, ಮಾತುಗಾರ್ತಿ ಇದ್ದ ಹಾಗೆ. (ಕುಕ್ಕರ್ ಮಾತ್ರ ಮೋಸ, ಅದು ಅಡುಗೆಯವರಲ್ಲ, ಪಾತ್ರೆ. ಮದುವೆಯಾದ ಹೊಸತರಲ್ಲಿ ‘ಐ ಆಮ್ ಎ ಗುಡ್ ಕುಕ್ಕರ್’ ಅಂದು ನಾದಿನಿಯರ ಬಾಯಿಗೆ ಬಿದ್ದವಳು ನಾನು!) ಅಟೆಂಡ್ ಮಾಡುವವರು ಅಟೆಂಡರ್. ಜೊತೆಗಿದ್ದು ನೋಡಿಕೊಳ್ಳುವವರು. ಆಸ್ಪತ್ರೆಯಲ್ಲಿ ಹಾಗೆ ಕರೆದರೆ ಕಲೆಕ್ಟರೂ ಎದ್ದು ಹೋಗುತ್ತಾರೆ. ಆಫೀಸಿನ ಬಾಗಿಲಲ್ಲಿ ಅದೇ ಪದವನ್ನು ನಾವು ದನಿ ಇಳಿಸಿ ಹೇಳುತ್ತೇವೆ. ನಾನಂತೂ ನುಂಗಿಯೇಬಿಟ್ಟಿದ್ದೆ.

ಸರಿ, ನರ್ಸ್ ಬಾಗಿಲಲ್ಲಿ ನಿಂತಿದ್ದಳು. ವೆಂಕಟರಾವ್ ನನ್ನ ಕಡೆ ತಿರುಗಿದರು.

‘ಏನಮ್ಮಾ? ಮಾಸ್ಟಾರು ಏನಂತಿದ್ದಾರೆ?’

ಮತ್ತೆ ನಾನೇ ದುಭಾಷಿ! ‘ಏನಿಲ್ಲ, ಗಾಬರಿಯಾಗಿದ್ದಾರೆ’ ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತು ತುಟಿಗೂ ಬಂದಿತ್ತು. ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು.

‘ಇದ್ದದ್ದು ಇದ್ದಂಗೆ ಹೇಳಮ್ಮ. ಈ ಸಲ ಪೂರ್ತಿ ಹೇಳು.’

ಹೇಳಿದೆ. ಅಟೆಂಡರ್ ಅಂದೆ. ಅವರು ಮೊದಲ ದಿನವೇ ನಿಜ ಹೇಳಿದ್ದರು, ಬಿಟ್ಟವಳು ನಾನು ಅಂತಲೂ ಹೇಳಿದೆ. ವೆಂಕಟರಾವ್ ಎದ್ದು ಹೋಗಿ ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ನಿಂತರು. ಚಿಕ್ಕಪ್ಪ ನರ್ಸ್ ತೋರಿಸಿದ ಕಡೆ ಸಹಿ ಹಾಕಿ ಬಂದು ಕೂತರು.

‘ಸುಧಾಗೆ ಏನಾರ ಅಂತಾರೇನಮ್ಮ?’ ಎಂದು ಒಂದೇ ಒಂದು ಸಲ ಕೇಳಿದರು.

ಎರಡು ಗಂಟೆಯ ನಂತರ ಡಾಕ್ಟರ್ ಬಂದು, ಆಪರೇಷನ್ ಚೆನ್ನಾಗಿ ಆಯಿತು ಅಂದರು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಗ ವೆಂಕಟರಾವ್ ನನ್ನನ್ನು ಕಿಟಕಿಯ ಹತ್ತಿರ ಕರೆದರು.

‘ಅಟೆಂಡರ್ ಅಂದಿದ್ದರೆ ನಾನು ಸಂಬಂಧ ಬೇಡ ಅಂತಿದ್ದೆ ಅಂದುಕೊಂಡಿರಾ ಅಮ್ಮಾ?’

ನಾನು ನೆಲ ನೋಡಿದೆ.

ಅವರೇ ಮುಂದುವರಿಸಿದರು. ‘ಅಂತಿದ್ದೆನೇನೋ. ಸುಳ್ಳು ಯಾಕೆ ಹೇಳಲಿ? ಆವಾಗ ಅಂತಿದ್ದೆನೇನೋ. ಆದರೆ ಏಳು ವರ್ಷ ನಾನು ಮಾಸ್ಟಾರು ಮಾಸ್ಟಾರು ಅಂತ ಕೂಗುವಾಗೆಲ್ಲ ಆ ಮನುಷ್ಯನಿಗೆ ಒಳಗೆ ಹೇಗಾಗಿರಬೇಕು?’

ನಾನು ಸಂಬಂಧ ಉಳಿಸುವ ಲೆಕ್ಕ ಹಾಕಿದ್ದೆ. ಈ ಪ್ರಶ್ನೆಯನ್ನು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ.

ಅವರು ನೇರವಾಗಿ ಚಿಕ್ಕಪ್ಪನ ಎದುರು ಹೋಗಿ ನಿಂತರು. ‘ಬಾವಗಾರೂ, ಬನ್ನಿ, ಕಾಫಿ ಕುಡಿಯೋಣ.’ (ತೆಲುಗಿನಲ್ಲಿ ಬೀಗರನ್ನು ಹಾಗೆ ಭಾವ ಅಂತ ಕರೆಯುತ್ತಾರೆ.) ಚಿಕ್ಕಪ್ಪನಿಗೆ ಅನುವಾದ ಬೇಕಾಗಲಿಲ್ಲ. ಲಿಫ್ಟ್ ಬಂತು. ಹಳೆಯ ಅಭ್ಯಾಸ ನೋಡಿ, ಚಿಕ್ಕಪ್ಪ ಬಾಗಿಲಿಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ಸರಿದರು. ವೆಂಕಟರಾವ್ ಆ ಕೈ ಹಿಡಿದುಕೊಂಡು ಅವರನ್ನೇ ಮೊದಲು ಒಳಗೆ ಕಳಿಸಿದರು.

ಕ್ಯಾಂಟೀನಿನಲ್ಲಿ ವೆಂಕಟರಾವ್ ಕೇಳಿದ್ದು ಒಂದೇ: ‘ಬೆಳಗಿನಿಂದ ಸಂಜೆತನಕ ಏನೇನು ಕೆಲಸ ಇರುತ್ತಿತ್ತು?’ ಏಳು ವರ್ಷ ಬೀಗರ ಮನೆಯಲ್ಲಿ ‘ಹೂಂ’, ‘ಉಹೂಂ’ ಬಿಟ್ಟು ಮಾತಾಡದ ಚಿಕ್ಕಪ್ಪ ಅವತ್ತು ಒಂದು ಗಂಟೆ ಮಾತಾಡಿದರು. ಎಲ್ಲರಿಗಿಂತ ಮೊದಲು ಹೋಗಿ ಮೂವತ್ತು ಕೋಣೆಗಳ ಬೀಗ ತೆಗೆಯುವುದು. ಗಂಟೆ ಹೊಡೆಯುವುದು. ಪರೀಕ್ಷೆ ದಿನ ಹಾಲ್ ಟಿಕೆಟ್ ಮನೆಯಲ್ಲೇ ಮರೆತು ಅಳುತ್ತಾ ನಿಂತ ಹುಡುಗಿಯ ಮನೆಗೆ ಸೈಕಲ್ ತುಳಿದು, ಬೆಲ್ ಆಗುವುದರೊಳಗೆ ತಂದುಕೊಟ್ಟಿದ್ದು. ನಾನು ಒಂದು ಪದವನ್ನೂ ಬಿಡದೆ ತೆಲುಗಿಗೆ ತರುತ್ತಾ ಹೋದೆ. ಮೂರು ಸಲ ಕಾಫಿ ಬಂತು.

ಡಾಕ್ಟರ್, ಕಲೆಕ್ಟರ್, ಡ್ರೈವರ್, ಸ್ವೀಪರ್, ಅಟೆಂಡರ್. ಕಿವಿಗೆ ಎಲ್ಲಕ್ಕೂ ಬಾಲ ಒಂದೇ. ಕೆಲವಕ್ಕೆ ಎದ್ದು ನಿಲ್ಲುತ್ತೇವೆ, ಕೆಲವಕ್ಕೆ ದನಿ ಇಳಿಸುತ್ತೇವೆ. ಇದನ್ನು ನಮಗೆ ಕಲಿಸಿದ ಟೀಚರ್ ಯಾರು?