ಮಲಗಿದ್ದ ಸೀಟು ಎದ್ದು ಕೂತ ರಾತ್ರಿ

ದೆವ್ವ ಕಂಡೆ ಎನ್ನುವವರನ್ನು ನಾನು ಜೀವಮಾನವೆಲ್ಲ ಬೈದುಕೊಂಡೇ ಬಂದವಳು. ಅವರಲ್ಲಿ ಅರ್ಧ ಜನ ಕುಡಿದಿರುತ್ತಾರೆ, ಉಳಿದವರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ನಾನು ಕುಡಿಯುವವಳಲ್ಲ. ಅವತ್ತು ನಿದ್ದೆಗಣ್ಣಿನಲ್ಲೂ ಇರಲಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಇಲ್ಲದ್ದನ್ನು ಕಟ್ಟಿ ಬರೆಯುವಷ್ಟು ಅಕ್ಷರ ನನ್ನ ಹತ್ತಿರ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬದವರು ಪುಟ ತಿರುವಿ ಹಾಕಿರಿ, ನನಗೇನೂ ನಷ್ಟವಿಲ್ಲ.

ಈರಪ್ಪ ನನ್ನ ತಮ್ಮ. ಖಾನಾಪುರದ ಹೊಳೆದಂಡೆಯಲ್ಲಿ ಇಟ್ಟಿಗೆ ಭಟ್ಟಿ ಹಾಕಿ ಶ್ರೀಮಂತನಾದವನು. ಆಮೇಲೆ ಬೆಳಗಾವಿಯಲ್ಲಿ ಕೋಟೆಯ ಆಚೆ ಬಂಗಲೆ ಕಟ್ಟಿದ, ಗೇಟಿಗೆ ಎರಡು ಸಿಮೆಂಟಿನ ಸಿಂಹ ಕೂಡಿಸಿದ. ಇಟ್ಟಿಗೆ ಮಾರುವವನ ಮನೆಗೆ ಸಿಂಹ ಯಾಕೋ ಎಂದರೆ, "ನಿನಗ ತಿಳಿಯೂದಿಲ್ಲ ಬಿಡಕ್ಕಾ" ಎನ್ನುತ್ತಿದ್ದ. ಹೆಂಡತಿ ಎಂದೋ ತೀರಿಕೊಂಡಿದ್ದಳು. ಲಂಡನ್ನಿನಲ್ಲಿ ಹಲ್ಲಿನ ಡಾಕ್ಟರಾಗಿರುವ ಮಗಳು ಸುನಂದಾ ಬಸುರಿಯಾದಾಗ ನೋಡಲು ಹೊರಟವನು ನನ್ನನ್ನೂ ಎಳೆದುಕೊಂಡು ಹೋದ. ಅದೂ ಬಿಸಿನೆಸ್ ಕ್ಲಾಸಿನಲ್ಲಿ.

"ಅಕ್ಕಾ, ಹಿಂದಿನ ಮಂದಿ ಕುರಿ ತುಂಬಿದಂಗ ಕುಂತಿರತಾರ. ನಾವು ಹಂಗಲ್ಲ. ಮಲಕೊಂಡ ಹಾರೂದು!"

ಒಳಗೆ ಕಾಲಿಟ್ಟು ಕೂತ ಕೂಡಲೇ ಒಬ್ಬಳು ಚಿಮಟದಲ್ಲಿ ಹಿಡಿದು ಬಿಸಿ ಒದ್ದೆ ಬಟ್ಟೆ ಕೊಟ್ಟಳು. ಮುಖ ಒರೆಸಲಂತೆ. ಇಷ್ಟು ದೊಡ್ಡ ಜನ ಮನೆಯಲ್ಲಿ ಮುಖ ತೊಳೆದು ಬರುವುದಿಲ್ಲವೇನು? ಊಟಕ್ಕೆ ಬಿಳಿ ಅರಿವೆ ಹಾಸಿ, ಅಗಲವಾದ ತಾಟಿನ ನಡುವೆ ಮಕ್ಕಳ ಆಟದ ಅಡುಗೆಯಷ್ಟು ಬಡಿಸಿದರು. ಸೂಟು ಹಾಕಿದ್ದ ಗಂಡಸರು ಬಚ್ಚಲಿಗೆ ಹೋಗಿ, ವಿಮಾನದವರು ಕೊಟ್ಟ ಪೈಜಾಮ ಹಾಕಿಕೊಂಡು ಬಂದು, ಪುಕ್ಕಟೆ ಕಾಲುಚೀಲ ಏರಿಸಿ, ಕೂಸುಗಳ ಹಾಗೆ ಹೊದ್ದು ಮಲಗಿದರು. ಒಬ್ಬೊಬ್ಬರಿಗೂ ಒಂದೊಂದು ಗೂಡು. ಪಕ್ಕದವನ ಮೋರೆ ಕಾಣದಂತೆ ನಡುವೆ ಮೋಟು ತಡಿಕೆ. ಇಂಥವರು ದೇಶ ನಡೆಸುತ್ತಾರಂತೆ.

ಈರಪ್ಪ ಗುಂಡಿ ಒತ್ತಿದ. ಗುಂಯ್... ಎಂದು ಸೀಟು ಹಾಸಿಗೆಯಾಯಿತು.

"ಮಹಾರಾಜಾ ಮಲಗಿದಂಗ ಐತಿ ನೋಡಕ್ಕಾ."

"ನಮ್ಮೊಳಗ ಹೆಣಾ ಸೈತ ಕುಂತ ಹೋಗತೈತಿ. ನೀ ಜೀವ ಇದ್ದಾವ ಮಲಗಿ ಹೊಂಟೀದಿ. ನಾಚಿಗಿ ಬರಲಿ."

ಅವನು ಹೊಟ್ಟೆ ಕುಣಿಸಿ ನಕ್ಕ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮದು ಲಿಂಗಾಯತರ ಮನೆ. ಸತ್ತವರನ್ನು ಮಲಗಿಸಿ ಹೂಳುವ ಪದ್ಧತಿ ನಮ್ಮಲ್ಲಿಲ್ಲ. ಮೈ ಸೆಟೆಯುವ ಮೊದಲೇ ಕಾಲು ಮಡಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಆಳವಾದ ಕುಣಿ ತೋಡಿ, ಕೂತ ಹಾಗೆಯೇ ಮಣ್ಣು ಕೊಡುತ್ತೇವೆ.

ಲಂಡನ್ನಿನಲ್ಲಿ ಒಂದು ಮಧ್ಯಾಹ್ನ ಉಂಡು ಸೋಫಾದ ಮೇಲೆ ಅಡ್ಡಾದವನು ಏಳಲೇ ಇಲ್ಲ. ನಾನು ಕಾಲು ಮಡಚಲು ಹೋದೆ. "ಮುಟ್ಟಬ್ಯಾಡ ಅತ್ಯಾ, ಇಲ್ಲಿ ಹಂಗ ಮಾಡಾಕ ಬರೂದಿಲ್ಲ" ಎಂದು ಸುನಂದಾ ಅಳುತ್ತಲೇ ಕೈ ಹಿಡಿದಳು. ಡಾಕ್ಟರು ಬಂದರು. ಮೈಗೆ ಔಷಧ ತುಂಬುವವರು ಬಂದರು. ಕಾಗದಪತ್ರ ಮುಗಿಯುವ ಹೊತ್ತಿಗೆ ನನ್ನ ತಮ್ಮ ಹಲಗೆಯ ಹಾಗೆ ಪೆಟ್ಟಿಗೆಯಲ್ಲಿ ಮಲಗಿದ್ದ.

ಸುನಂದಾ ದಿನ ತುಂಬಿದವಳು, ವಿಮಾನ ಹತ್ತುವಂತಿರಲಿಲ್ಲ. ಅಪ್ಪನನ್ನು ಒಯ್ಯಲು ಬೆಳಗಾವಿಯಿಂದ ಮಗ ಮಹಾಂತೇಶ ಬಂದ. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಕೂತಿದ್ದಾಗ ಪಾರಿಶ್ವಾಡದಿಂದ ದೊಡ್ಡಪ್ಪನ ಮಗ ಕಲ್ಲಪ್ಪನ ಫೋನು ಬಂತು. ನಮ್ಮ ಹೊಲ ಇರುವುದು ಅಲ್ಲಿ. ಮಣ್ಣಾಗುವುದೂ ಅಲ್ಲಿಯೇ.

"ಅಕ್ಕಾ, ಕುಣಿ ಹೆಂಗ ತೋಡೂಣು? ಕುಂದರಸೂದೋ, ಮಲಗಸೂದೋ? ನೀ ಹಿರ್ಯಾಕಿ. ನೀ ಹೇಳಿದಂಗ."

ಮಹಾಂತೇಶ ನನ್ನ ಕಿವಿಯ ಹತ್ತಿರ ಬಾಗಿದ. "ಔಷಧ ತುಂಬ್ಯಾರ ಅತ್ಯಾ, ಮೈ ಬಗ್ಗೂದಿಲ್ಲಂತ. ಅಪ್ಪನ್ನ ಮುರಿಯಾಕ ಬರತೈತೇನು?"

"ಉದ್ದಕ ತೋಡ್ರೋ," ಎಂದೆ ಫೋನಿನಲ್ಲಿ. "ಸತ್ತವಗ ಕುಂತರೇನು, ಮಲಗಿದರೇನು."

ಆ ಕಡೆಯಿಂದ ಕಲ್ಲಪ್ಪ ರಾಗ ಎಳೆದ. "ನಮ್ಮ ಮನಿತನದಾಗ ಈತನಕ ಯಾರನ್ನೂ ಮಲಗಿಸಿಲ್ಲಕ್ಕಾ... ಇರಲಿ. ನೀವು ಮುಂಬೈಯಾಗ ಇಳಿದು ಫೋನ್ ಮಾಡ್ರಿ. ಆಮ್ಯಾಲ ಗುದ್ದಲಿ ಹಾಕತೀವಿ."

ನನ್ನ ಸೀಟು ಮತ್ತೆ ಆ ಗೂಡುಗಳಲ್ಲೇ ಇತ್ತು. ಪಕ್ಕದ್ದು ಈರಪ್ಪನದು, ತಿರುಗಿ ಬರಲು ಅವನೇ ಮೊದಲು ತೆಗೆಸಿಟ್ಟದ್ದು. ಖಾಲಿ. ಆದರೆ ಅದು ಪೂರಾ ಹಾಸಿಗೆಯಾಗಿ ಬಿದ್ದುಕೊಂಡಿತ್ತು.

"ನಾ ಇಲ್ಲೇ ಕುಂದರತೀನಿ ಅತ್ಯಾ. ಹೆಂಗೂ ಅಪ್ಪಂದು," ಎಂದ ಮಹಾಂತೇಶ. ಅವನ ಟಿಕೀಟು ಹಿಂದೆ, ಕುರಿಗಳ ನಡುವೆ.

ವಿಮಾನದ ಹುಡುಗಿ ಮುಂಬೈಯವಳು. ಮರಾಠಿ ಬರುತ್ತದೆ ಎಂದು ತಿಳಿದ ಮೇಲೆ ನನಗೆ ಆಜಿ, ಆಜಿ ಎನ್ನುತ್ತಿದ್ದಳು. ಆ ಸೀಟು ಕೆಟ್ಟಿದೆ, ಮಲಗಿದ್ದು ಮೇಲೇಳುತ್ತಿಲ್ಲ, ಕರೆಂಟನ್ನೇ ತೆಗೆದಿದ್ದೇವೆ, ಯಾರನ್ನೂ ಕೂಡಿಸುವಂತಿಲ್ಲ ಎಂದಳು. ಗುಂಡಿ ಒತ್ತಿ ತೋರಿಸಿದಳು. ಮಹಾಂತೇಶ ಕೈಯಿಂದಲೂ ಎಳೆದು ನೋಡಿದ. ಕಲ್ಲು ಅಲುಗಿದರೆ ಅದು ಅಲುಗೀತು. ಮುಖ ಗಂಟು ಹಾಕಿಕೊಂಡು ಹಿಂದೆ ಹೋದ.

ಎತ್ತಿನ ಜೋಡಿ ಬರುವಷ್ಟು ಬೆಲೆಯ ಕುರ್ಚಿ. ಕೂರಲು ಬರುವುದಿಲ್ಲ! ನನಗೆ ನಗು ಬಂತು.

ಊಟದ ಶಾಸ್ತ್ರ ಮುಗಿಯಿತು. ದೀಪ ಆರಿಸಿದರು. ನೆಲದ ಹತ್ತಿರ ಸಣ್ಣ ನೀಲಿ ಬೆಳಕು ಮಾತ್ರ ಉಳಿಯಿತು. "ಝೋಪಾ ಆಜಿ," ಮಲಗಿರಿ ಎಂದು ಹುಡುಗಿ ನನ್ನ ಸೀಟನ್ನೂ ಹಾಸಿಗೆ ಮಾಡಲು ಬಂದಳು. ಬೇಡ ಎಂದೆ. ಸೆರಗು ಹೊದ್ದು ಕೂತೇ ಇದ್ದೆ. ಸುತ್ತ ಪೈಜಾಮದವರ ಗೊರಕೆ. ಕಾಲಡಿಯಲ್ಲಿ ಎಲ್ಲೋ ಟ್ರಂಕು, ಸೂಟ್‌ಕೇಸುಗಳ ಜೊತೆ ನನ್ನ ತಮ್ಮ.

ಮೊದಲು ಬಂದದ್ದು ವಾಸನೆ...

ಕಾದ ಇಟ್ಟಿಗೆಯ ಮೇಲೆ ನೀರು ಬಿದ್ದಾಗ ಏಳುತ್ತದಲ್ಲ, ಅದು. ಅದರ ಹಿಂದೆಯೇ ಹಸಿ ವಿಭೂತಿಯ ವಾಸನೆ. ಯಾವನೋ ದೊಡ್ಡ ಸಾಹೇಬ ಏನೋ ಹಚ್ಚಿಕೊಂಡಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಆ ಹುಡುಗಿ ಮೂಗು ಏರಿಸುತ್ತ ಓಡಿಬಂದಳು.

"ಆಜಿ, ಏನರೆ ಸುಡಾಕತ್ತೈತೇನ್ರಿ?" ಎಂಬರ್ಥದಲ್ಲಿ ಮರಾಠಿಯಲ್ಲಿ ಪಿಸುಗುಟ್ಟಿದಳು. ಇನ್ನೊಬ್ಬನನ್ನು ಕರೆದಳು. ಇಬ್ಬರೂ ಟಾರ್ಚು ಹಿಡಿದು ಸೀಟಿನ ಕೆಳಗೆ, ತಲೆಯ ಮೇಲಿನ ಕಪಾಟಿನಲ್ಲಿ ಹುಡುಕಿದರು. ಏನೂ ಇರಲಿಲ್ಲ. ಹೊರಟುಹೋದರು.

ಗುಂಯ್...

ತಡಿಕೆಯ ಆಚೆ, ಕರೆಂಟಿಲ್ಲದ ಆ ಸೀಟಿನ ತಲೆಯ ಕಡೆ ಮೇಲೇಳುತ್ತಿತ್ತು. ನಿಧಾನವಾಗಿ... ಗೇಣುದ್ದ... ಮೊಳದುದ್ದ... ಅರ್ಧಕ್ಕೆ ಬಂದು ನಡುಗಿತು. ಧಪ್ ಎಂದು ಹಿಂದೆ ಬಿತ್ತು.

ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಮತ್ತೆ ಅರ್ಧಕ್ಕೆ. ಮತ್ತೆ ಧಪ್.

ಹೊಟ್ಟೆ ದಪ್ಪ ಇರುವವನು ಹಾಸಿಗೆಯಿಂದ ಏಳಲು ಒದ್ದಾಡುತ್ತಾನಲ್ಲ, ಹಾಗೆ.

ಹುಡುಗಿಯನ್ನು ಕರೆದು ತೋರಿಸಿದೆ. ಅವಳು ಗುಂಡಿ ಒತ್ತಿದಳು, ಎಳೆದಳು. ಮಿಸುಕಲಿಲ್ಲ. ಆಜಿಗೆ ಕನಸು ಬಿದ್ದಿರಬೇಕು ಎಂದು ನನ್ನ ಕೈ ತಟ್ಟಿ ಹೋದಳು. ಅವಳ ಕೈ ತಣ್ಣಗಿತ್ತು. ಅವಳ ಮೂಗಿನಿಂದಲೂ ಆ ವಾಸನೆ ಹೋಗಿರಲಿಲ್ಲ.

ಅವಳು ಪರದೆ ದಾಟಿದಳೋ ಇಲ್ಲವೋ... ಗುಂಯ್. ಈ ಸಲ ಅದರ ಜೊತೆಗೇ ಉಸಿರು.

"ಹೂಂ... ಶಿವಾ..."

ದಿನಾ ಬೆಳಿಗ್ಗೆ ಏಳುವಾಗ ಈರಪ್ಪ ಹಾಕುತ್ತಿದ್ದ ಉಸಿರು ಅದು. ನನ್ನ ಮೈಮೇಲಿನ ಕೂದಲು ನೆಟ್ಟಗಾದವು. ಸುಳ್ಳು ಯಾಕೆ ಹೇಳಲಿ? ಹೆದರಿದೆ. ಆದರೆ ಹೆದರಿದ್ದು ಅವನಿಗೆ ಗೊತ್ತಾದರೆ ಸಲಿಗೆ ಸಿಕ್ಕಂತಾಗುತ್ತದೆ.

"ಯಾಕೋ ಈರಪ್ಪಾ," ಎಂದೆ ಸಣ್ಣ ದನಿಯಲ್ಲಿ. "ಮಹಾರಾಜನ ಹಾಸಿಗಿ ಸಾಕಾತೇನು?"

ಗುಂಯ್ ನಿಂತಿತು.

"ಅಕ್ಕಾ... ಏಳಾಕ ಬರವಲ್ದು."

ಕಿವಿಯಿಂದ ಕೇಳಿದೆನೋ, ತಲೆಯೊಳಗೆ ಕೇಳಿದೆನೋ... ಆಣೆ ಮಾಡಲಾರೆ. ದನಿ ಅವನದೇ.

"ಸತ್ತೀದಿ ನೀ. ಸುಮ್ಮ ಬಿದ್ಕೋ."

ಧಪ್.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ್ದೇ ನನಗೆ ತಡೆಯದಾಯಿತು. ಸಣ್ಣವನಿದ್ದಾಗಲೂ ಹೀಗೆಯೇ, ಬೈದರೆ ಅಳುತ್ತಿರಲಿಲ್ಲ, ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ತಡಿಕೆಯ ಮೇಲಿಂದ ಎಡಗೈ ಚಾಚಿದೆ. ಆ ಸೀಟಿನ ಬೆನ್ನಿನ ಹಿಂದೆ ಅಂಗೈ ತೂರಿಸಿ ಎತ್ತಿದೆ.

ಭಾರ.

ಕುರ್ಚಿಯ ಭಾರವಲ್ಲ. ಮನುಷ್ಯನ ಬೆನ್ನು. ಎಷ್ಟು ಜನರನ್ನು ಎಬ್ಬಿಸಿದ ಕೈ ಇದು, ಬಾಣಂತಿಯರನ್ನು, ಬೇನೆ ಬಿದ್ದವರನ್ನು, ಹೆಣಗಳನ್ನು. ಬೆನ್ನು ಯಾವುದು, ಹಲಗೆ ಯಾವುದು ಎಂದು ಇದಕ್ಕೆ ಗೊತ್ತು. ಭುಜದವರೆಗೆ ನರ ಹರಿದಂತಾಯಿತು. ಬಿಡಲಿಲ್ಲ. ಗುಂಯ್... ಗುಂಯ್... ಅವನು ಮೇಲೆ ಬಂದ.

"ಕುಂದರಸ್ತೀನಿ," ಎಂದೆ. "ಊರಿಗೆ ಹೋಗಿ ನೆಟ್ಟಗ ಕುಂದರಸ್ತೀನಿ. ಕೊಟ್ಟ ಮಾತ ನಾ ಎಂದೂ ತಪ್ಪಿಲ್ಲ. ಈಗ ನನ್ನ ಕೈ ಬಿಡು."

ಭಾರ ಹೋಯಿತು. ವಾಸನೆಯೂ ಹೋಯಿತು. ಪೈಜಾಮದವರು ಗೊರಕೆ ಹೊಡೆಯುತ್ತಲೇ ಇದ್ದರು. ಜಗತ್ತು ಮುಳುಗಿದರೂ ಅವರಿಗೆ ಬೆಳಿಗ್ಗೆ ಕಾಫಿ ಬಂದರೆ ಸಾಕು.

ಬೆಳಕು ಹರಿದಾಗ ಆ ಸೀಟು ನೆಟ್ಟಗೆ ಕೂತಿತ್ತು. ಹುಡುಗಿ ನೋಡಿದಳು. ಮುಖದ ಬಣ್ಣ ಹೋಯಿತು. ಗುಂಡಿ ಒತ್ತಿದಳು, ತಳ್ಳಿದಳು. ಈಗ ಅದು ಮಲಗಲೂ ಒಲ್ಲದು. ಯಾರು ಎತ್ತಿದರು ಆಜಿ ಎಂದು ಕೇಳಿದಳು.

"ಸೀಟು ಯಾರದೋ ಅವನೇ," ಎಂದೆ. ಇಳಿಯುವ ತನಕ ಅವಳು ಮತ್ತೆ ನನ್ನ ಹತ್ತಿರ ಸುಳಿಯಲಿಲ್ಲ.

ಮುಂಬೈಯಲ್ಲಿ ಕಾಲಿಟ್ಟವಳೇ ಮಹಾಂತೇಶನ ಕೈಯಿಂದ ಫೋನು ಹಚ್ಚಿಸಿದೆ. "ಕಲ್ಲಪ್ಪಾ, ಆಳಕ ತೋಡ್ರಿ. ಕುಂದರಸೂದು."

ಮಹಾಂತೇಶ ಜನರ ನಡುವೆಯೇ ಕೂಗಾಡಿದ. "ಅತ್ಯಾ, ನಿನ್ನ ತಲಿ ನೆಟ್ಟಗ ಐತಿಲ್ಲೋ? ಊರ ಮಂದಿ ಮುಂದ ಅಪ್ಪನ ಎಲಬ ಮುರೀತಿಯೇನು?"

"ಬಗ್ಗಲಿಲ್ಲಂದ್ರ ನಾನ ಕುಣಿಯಾಗ ಇಳಿದು ಆನಿಸಿ ಹಿಡೀತೀನಿ. ಮಲಗಸೂದಿಲ್ಲ."

"ಮುರೀತಂದ್ರ? ಜನ್ಮಪೂರ್ತಿ ಅದನ್ನ ನಾ ಕಣ್ಣಾಗ ಇಟ್ಕೊಂಡಿರಬೇಕು."

ಫೋನು ಅವನ ಕೈಗೆ ತುರುಕಿ ಹೊರಗೆ ನಡೆದೆ. ಪೆಟ್ಟಿಗೆ ಹೊತ್ತ ಗಾಡಿಯಲ್ಲಿ ಇಬ್ಬರೂ ಕೂತೆವು. ಕೊಲ್ಹಾಪುರ ದಾಟಿತು. ಬೆಳಗಾವಿಯಲ್ಲಿ ಬಂಗಲೆಯ ಸಿಂಹಗಳ ಮುಂದೆ ಅರೆಗಳಿಗೆ ನಿಂತು, ಅಲ್ಲಿಂದ ಪಾರಿಶ್ವಾಡ ಮುಟ್ಟಿದಾಗ ಕತ್ತಲಾಗಿತ್ತು. ಹೊಲದಲ್ಲಿ ದೀಪ ಕಟ್ಟಿದ್ದರು. ಪತ್ರಿ, ವಿಭೂತಿ, ಹೊಸ ಮಣ್ಣು. ಆಳವಾದ ಕುಣಿ ಬಾಯಿ ತೆರೆದಿತ್ತು.

ಪೆಟ್ಟಿಗೆಯ ಮೊಳೆ ಕಿತ್ತರು. ಮಹಾಂತೇಶ ಮುಖ ಆಚೆ ತಿರುಗಿಸಿದ. ಎತ್ತಲು ನಾಲ್ಕು ಗಟ್ಟಿ ಆಳುಗಳು ತೋಳು ಏರಿಸಿ ನಿಂತಿದ್ದರು. ಮುರಿದ ಸದ್ದು ಬಂದರೆ ಆ ಹುಡುಗನಿಗೆ ನಾನು ಏನು ಹೇಳಲಿ?

ಮಣ್ಣಿನ ಶಾಸ್ತ್ರಕ್ಕೆ ಬಂದಿದ್ದ ಮಠದ ಸ್ವಾಮಿಗಳು ಬಾಗಿ, ಬೆನ್ನ ಹಿಂದೆ ಒಂದು ಕೈ ಕೊಟ್ಟರು. "ಏಳಪಾ ಈರಪ್ಪಾ."

ಎದ್ದ.

ಸದ್ದಿಲ್ಲ. ಮೊಣಕಾಲು ತಾವಾಗಿ ಮಡಚಿಕೊಂಡವು. ತಲೆ ನೆಟ್ಟಗೆ ನಿಂತಿತು. ನಾಲ್ವರು ಆಳುಗಳು ಏರಿಸಿದ ತೋಳು ಏರಿಸಿದಂತೆಯೇ ನಿಂತಿದ್ದರು.

"ಯವ್ವಾ... ಹತ್ತಿ ಇದ್ದಂಗ ಹಗುರ ಅದಾನ," ಎಂದ ಕಲ್ಲಪ್ಪ. ಆರು ಜನ ಹೊರಬೇಕಾದ ಮೈ ಅದು.

ಮಹಾಂತೇಶ ತಿರುಗಿ ನೋಡಿದ. ನೆಲದ ಮೇಲೆ ಕುಸಿದು, ನನ್ನ ಮೊಣಕಾಲಿಗೆ ಹಣೆ ಹಚ್ಚಿ ಅತ್ತ.

ದಿನ ಕಳೆದರೆ ಹೆಣದ ಬಿಗಿ ತಾನೇ ಬಿಡುತ್ತದೆ, ಔಷಧ ಮೈಯನ್ನು ಒಣಗಿಸುತ್ತದೆ ಎಂದು ಆಮೇಲೆ ಓದಿದವರು ಹೇಳಿದರು. ಇರಬಹುದು. ವಿಮಾನದ ಸೀಟಿಗೂ ಏನೋ ಒಂದು ಹೇಳುತ್ತಾರೆ, ಕೇಳಿದರೆ.

ನನ್ನ ಎಡಗೈ ಮಾತ್ರ ಆ ರಾತ್ರಿಯಿಂದ ಸರಿಯಿಲ್ಲ. ಭುಜ ಹಿಡಿದಿದೆ, ವಯಸ್ಸಾಯಿತು, ಎಣ್ಣೆ ತಿಕ್ಕಿಸಿಕೋ ಎಂದ ಬೆಳಗಾವಿಯ ಡಾಕ್ಟರ. ಹಗಲೆಲ್ಲ ನೆಟ್ಟಗಿರುತ್ತದೆ. ರಾತ್ರಿ ನೆಲಕ್ಕೆ ಬೆನ್ನು ಹಚ್ಚಿದೆನೆಂದರೆ ಸಾಕು... ಅಂಗೈ ಮೇಲೆ ಬಂದು ಕೂರುತ್ತದೆ. ಒಂದು ಬೆನ್ನಿನಷ್ಟು ಅಗಲದ ಭಾರ. ಎದ್ದು ಗೋಡೆಗೆ ಒರಗಿದರೆ ಹೋಗುತ್ತದೆ. ಮತ್ತೆ ಮಲಗಿದರೆ ಮತ್ತೆ ಬರುತ್ತದೆ.

"ಕುಂದರಸೇನಲ್ಲೋ, ಇನ್ನೇನ ಬೇಕು ನಿನಗ?" ಎಂದು ಕತ್ತಲಲ್ಲಿ ಎಷ್ಟೋ ಸಲ ಬೈದಿದ್ದೇನೆ. ಅವನಿಗೆ ಇನ್ನೂ ಏಳಬೇಕಾಗಿದೆಯೋ, ನಾನು ಮಲಗಬಾರದೆಂದು ಎಬ್ಬಿಸುತ್ತಾನೋ... ಅವನು ಹೇಳುವುದಿಲ್ಲ. ಜೀವ ಇದ್ದಾಗಲೂ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟವನಲ್ಲ ಅವನು.