ಮೊದಲ ನೀರು ದೇವರಿಗೆ

ನಮ್ಮ ಮನೆಯಲ್ಲಿ ನೀರಿಗೂ ಜಾತಿಗಳಿವೆ. ಸಂಪಿನ ನೀರು, ಟ್ಯಾಂಕಿನ ನೀರು, ಫಿಲ್ಟರ್ ನೀರು, ಕಾಯಿಸಿ ಆರಿಸಿದ ನೀರು, ಇವೆಲ್ಲಕ್ಕಿಂತ ಮೇಲೆ ನಮ್ಮ ಅತ್ತೆಯವರ ಮಡಿ ನೀರು. ಮೊದಲಿನವೆಲ್ಲ ನನ್ನ ಆಡಳಿತಕ್ಕೆ ಸೇರಿದವು. ಮಡಿ ನೀರಿನ ತಂಟೆಗೆ ನಾನು ಮದುವೆಯಾಗಿ ಬಂದಾಗಿನಿಂದ ಹೋದವಳಲ್ಲ. ಅದು ದೇವರ ಮನೆಯ ತಾಮ್ರದ ಬಿಂದಿಗೆಯಲ್ಲಿರುತ್ತದೆ, ಅದನ್ನು ಅತ್ತೆ ಬಿಟ್ಟು ಇನ್ಯಾರೂ ಮುಟ್ಟುವಂತಿಲ್ಲ. ಮುಟ್ಟುವಂತಿಲ್ಲ ಎಂದ ಮೇಲೆ ನೋಡುವುದೂ ತಾನಾಗಿಯೇ ನಿಂತುಹೋಗಿರುತ್ತದೆ.

ಚಂದ್ರಾ ಲೇಔಟಿನ ನಮ್ಮ ಬೀದಿಗೆ ದಿನ ಬಿಟ್ಟು ದಿನ ಬೆಳಗಿನ ಹೊತ್ತು ನೀರು ಬಿಡುತ್ತಾರೆ. ನೀರು ಬಂತು ಎಂದು ಇಲ್ಲಿ ಯಾರೂ ಹೇಳುವುದಿಲ್ಲ, ಕಾವೇರಿ ಬಂತು ಎನ್ನುತ್ತಾರೆ. ಬೋರ್‌ವೆಲ್ಲಿಗೆ ಈ ಮರ್ಯಾದೆ ಇಲ್ಲ. ಕಾವೇರಿ ಎಂದ ಕೂಡಲೇ ಅರ್ಧ ಜನಕ್ಕೆ ಅದನ್ನು ಕಾಯಿಸುವ ಯೋಚನೆಯೇ ಬರುವುದಿಲ್ಲ, ತಾಯಿಯನ್ನು ಅನುಮಾನಿಸಿದ ಹಾಗಾಗುತ್ತದಲ್ಲ. ನಾನು ಮಾತ್ರ ಅನುಮಾನಿಸುತ್ತೇನೆ. ನನ್ನ ಹುಟ್ಟುಗುಣವೇ ಅದು. ಹಾಲಿನ ಪ್ಯಾಕೆಟ್ಟು ಒಡೆದರೆ ಮೂಸುತ್ತೇನೆ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿನಿಂದ ವಾಪಸು ಬಂದಿದ್ದೇನೆ. ನಮ್ಮ ಯಜಮಾನರು ನನ್ನನ್ನು ರೇಗಿಸಲು ಒಂದು ಗಾದೆ ಇಟ್ಟುಕೊಂಡಿದ್ದರು: ತೀರ್ಥ ತಗೊಂಡ್ರೆ ಶೀತ, ಮಂಗಳಾರತಿ ತಗೊಂಡ್ರೆ ಉಷ್ಣ. ಅಂಥ ನಾಜೂಕಿನವಳು ನಾನು ಎಂದು ಅವರ ಅಭಿಪ್ರಾಯ. ಆ ಗಾದೆಯನ್ನು ಅವರು ಈಗ ಹೇಳುವುದಿಲ್ಲ.

ನಲ್ಲಿಯ ವಿಷಯದಲ್ಲಿ ನನ್ನದೊಂದು ಕಾನೂನಿತ್ತು. ನೀರು ಬಂದ ಕೂಡಲೇ ಬರುವ ಮೊದಲ ಬಕೆಟ್ಟು ಗಿಡಗಳಿಗೆ. ಒಂದೂವರೆ ದಿನ ಖಾಲಿ ಬಿದ್ದಿರುವ ಪೈಪಿನೊಳಗೆ ಏನೇನು ಸೇರಿಕೊಂಡಿರುತ್ತದೋ ಯಾರಿಗೆ ಗೊತ್ತು? ತುಕ್ಕೋ, ಮಣ್ಣೋ, ಪಕ್ಕದ ಮೋರಿಯದೋ, ಎಲ್ಲ ಆ ಮೊದಲ ನೀರಿನಲ್ಲೇ ಬಂದುಬಿಡುತ್ತದೆ. ಅದು ಹೋಗಿ ತಿಳಿಯಾದ ಮೇಲೆ ಸಂಪಿಗೆ ಬಿಡುವುದು. ಅಲ್ಲಿಂದ ಟ್ಯಾಂಕು, ಟ್ಯಾಂಕಿನಿಂದ ಫಿಲ್ಟರು. ಈ ವ್ಯವಸ್ಥೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮಗಳು ಬಸುರಿಯಾದ ವರ್ಷ ಒಳಚರಂಡಿಯ ಪೈಪು ಬದಲಾಯಿಸುತ್ತೇವೆಂದು ನಮ್ಮ ರಸ್ತೆ ಅಗೆದರು, ಅರ್ಧಂಬರ್ಧ ಮುಚ್ಚಿದರು. ಅದಾದ ಕೆಲವು ದಿನಕ್ಕೆ ನಲ್ಲಿ ನೀರಿನಲ್ಲಿ ಸಣ್ಣಗೆ ಮೋರಿ ವಾಸನೆ ಶುರುವಾಯಿತು. ಎದುರು ಮನೆಯ ಕಾಲೇಜು ಹುಡುಗನಿಗೆ ಕಾಮಾಲೆಯಾಯಿತು. ಹಿಂದೆಯೇ ಮೂಲೆ ಮನೆಯ ಆಂಟಿಗೂ ಆಯಿತು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಹಳದಿ ನೀರು ತುಂಬಿದ ಬಾಟಲಿಗಳ ಫೋಟೋಗಳು ಹರಿದಾಡಿದವು. ದೂರು ಕೊಟ್ಟೆವು. ಬಂದವರು ಬಾಟಲಿಯಲ್ಲಿ ನೀರು ಹಿಡಿದುಕೊಂಡು, ನೋಡುತ್ತೇವೆ ಎಂದು ಹೇಳಿ ಹೋದರು. ಸರಿಯಾಗಿ ಅದೇ ಹೊತ್ತಿಗೆ ನನ್ನ ಮಗಳು ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು.

ಅವಳ ಗಂಡನ ಮನೆ ದೂರವೇನಲ್ಲ, ಶ್ರೀಗಂಧದ ಕಾವಲ್. ಆಟೋದಲ್ಲಿ ಹೋಗಿಬರುವಷ್ಟು ದೂರ. ಅಲ್ಲಿಯೇ ಇರಲಿ ಎಂದು ಹೇಳಿಬಿಡೋಣ ಎಂದು ಬಾಯಿಯವರೆಗೂ ಬಂದಿತ್ತು. ಬಸುರಿ ಮಗಳಿಗೆ ತವರಿಗೆ ಬರಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಡಾಕ್ಟರಮ್ಮನನ್ನು ಕೇಳಿದೆ. ನೀರಿನಿಂದ ಬರುವ ಕಾಮಾಲೆ ಉಳಿದವರಿಗೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಆದರೆ ದಿನ ತುಂಬುತ್ತಿರುವ ಬಸುರಿಗೆ ಬಂದರೆ ಕೆಲವೊಮ್ಮೆ ತಾಯಿ ಮಗು ಇಬ್ಬರಿಗೂ ಅಪಾಯ, ಆದ್ದರಿಂದ ನೀರಿನ ಬಗ್ಗೆ ಮಾತ್ರ ಜೋಪಾನ ಎಂದರು. ಜೋಪಾನ ಎನ್ನುವ ಮಾತನ್ನು ನನ್ನಂಥವಳಿಗೆ ಹೇಳಿದ ಮೇಲೆ ಕೇಳಬೇಕೆ?

ಫಿಲ್ಟರ್ ನೀರನ್ನೂ ಕುದಿಸಿದೆ. ಅವಳು ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಬಚ್ಚಲಿನಲ್ಲಿ ಕಾಯಿಸಿದ ನೀರಿನ ಚೊಂಬು ಇಟ್ಟೆ. ಸೊಪ್ಪು ತೊಳೆದದ್ದು ಕಾಯಿಸಿದ ನೀರಿನಲ್ಲಿ, ಕೋಸಂಬರಿಗೆ ಬೇಳೆ ನೆನೆಹಾಕಿದ್ದು ಕಾಯಿಸಿದ ನೀರಿನಲ್ಲಿ. ತಟ್ಟೆ ಲೋಟಗಳನ್ನು ಒರೆಸಿ ಒಣಗಿಸದೆ ಅವಳ ಮುಂದೆ ಇಡಲಿಲ್ಲ. ದರ್ಶಿನಿ ಹೋಟೆಲಿನ ದೋಸೆ ತಿನ್ನಬೇಕೆಂದು ಅವಳಿಗೆ ಆಸೆ. ದೋಸೆ ತರಿಸಿ, ಚಟ್ನಿ ಮಾತ್ರ ನಾನೇ ಅರೆದುಕೊಟ್ಟೆ. ಮಗಳು ನಗುತ್ತಿದ್ದಳು. ಅವಳಿಗೆ ನಾನು ಮಾಡದೇ ಬಿಟ್ಟದ್ದು ಒಂದೂ ಇಲ್ಲ ಎಂದು ನಾನು ನಂಬಿದ್ದೆ.

ಒಂದು ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತವಳು, ಅಜ್ಜಿಯ ದೇವರ ಮನೆಯ ಕಡೆ ಕಣ್ಣು ಮಾಡಿ, ತಗ್ಗಿದ ದನಿಯಲ್ಲಿ ಹೇಳಿದಳು.

"ಅಮ್ಮ, ಅಜ್ಜಿ ತೀರ್ಥಕ್ಕೆ ಪಚ್ಚಕರ್ಪೂರ ಜಾಸ್ತಿ ಹಾಕ್ತಾ ಇದಾರೆ. ಆದ್ರೂ ಆ ನಲ್ಲಿ ವಾಸನೆ ಹೋಗಲ್ಲ ನೋಡು."

ಸೌಟು ಕೆಳಗಿಟ್ಟು ಒಲೆ ಆರಿಸಿದೆ. ಎಷ್ಟು ದಿನದಿಂದ ತಗೊಳ್ತಾ ಇದೀಯ ಎಂದು ಕೇಳಿದೆ. ಬಂದ ದಿನದಿಂದ, ದಿನಾ ಬೆಳಿಗ್ಗೆ, ಮೂರು ಉದ್ಧರಣೆ ಎಂದಳು. ಮಗುವಿಗೂ ಸೇರಿಸಿ ಎಂದು ಅಜ್ಜಿ ಕೆಲವು ದಿನ ಇನ್ನೊಂದು ಉದ್ಧರಣೆ ಹೆಚ್ಚಿಗೆ ಹಾಕುತ್ತಿದ್ದರಂತೆ.

ಆಮೇಲೆ ನೋಡಿದರೆ ಎಲ್ಲವೂ ಕಣ್ಣೆದುರಿಗೇ ಇತ್ತು. ಅತ್ತೆ ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಏಳುತ್ತಾರೆ. ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ನೀರು ಬರುವ ದಿನ ಬಿಂದಿಗೆ ಹಿಡಿದು ಅಂಗಳದ ನಲ್ಲಿಯ ಮುಂದೆ ನಿಂತಿರುತ್ತಾರೆ. ಯಾರೂ ಮುಟ್ಟದ, ಯಾರ ಪಾತ್ರೆಗೂ ಬೀಳದ ಮೊದಲ ನೀರು ದೇವರಿಗೆ ಎಂಬುದು ಅವರ ಕಾನೂನು. ಫಿಲ್ಟರಿನ ಕೊಳವೆಯಲ್ಲಿ ಹಾಯ್ದ ನೀರು ಅವರಿಗೆ ಮೈಲಿಗೆ. ಕಾಯಿಸಿದ್ದಂತೂ ಪೂಜೆಗೆ ಬರುವುದೇ ಇಲ್ಲ. ಅವರು ಬಿಂದಿಗೆ ತುಂಬಿಸಿಕೊಂಡು ಒಳಗೆ ಹೋದ ಮೇಲೆ ನಾನು ಎದ್ದು ಹೊರಗೆ ಬಂದು, ಮೊದಲ ನೀರೆಂದುಕೊಂಡು ಎರಡನೆಯ ನೀರನ್ನು ಗಿಡಗಳಿಗೆ ಹಾಕುತ್ತಿದ್ದೆ. ನಿಜವಾದ ಮೊದಲ ನೀರು ತುಳಸಿ, ಏಲಕ್ಕಿ, ಪಚ್ಚಕರ್ಪೂರ ಹಾಕಿಸಿಕೊಂಡು ನನ್ನ ಮಗಳ ಅಂಗೈಗೆ ಬೀಳುತ್ತಿತ್ತು. ಜೊತೆಗೆ ಈ ನೀರು ಸಕಲ ರೋಗಗಳನ್ನೂ ಕಳೆಯಲಿ ಎಂಬ ಮಂತ್ರ ಬೇರೆ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಲು ಕೆಟ್ಟದ್ದು, ಹತ್ತಿರ ಸಿಕ್ಕಿದವರ ಮೇಲೆ ಹೋಗುತ್ತದೆ. ದೇವರ ಮನೆಯ ಹೊಸಲಿನ ಹೊರಗೆ ನಿಂತು, ನಾನು ಆಡಬೇಕೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಮಾತಾಡಿದೆ.

"ಅಮ್ಮ, ಆ ನೀರಲ್ಲಿ ಮೋರಿ ಸೇರಿದೆ. ನಾಳೆಯಿಂದ ದೇವರಿಗೂ ಕಾಯಿಸಿದ ನೀರೇ ಇಡಿ, ಇಲ್ಲಾಂದ್ರೆ ಅವಳಿಗೆ ತೀರ್ಥ ಕೊಡಬೇಡಿ."

ಅತ್ತೆ ಹೂವು ಬಿಡಿಸುತ್ತಿದ್ದರು. ಅವರಿಗೆ ಎಂಬತ್ತು ದಾಟಿದೆ, ನನ್ನ ಮಾತಿಗೆ ಎದುರಾಡಿದವರಲ್ಲ, ನಾನು ಹೇಳಿದ್ದನ್ನು ಕೇಳಿದವರೂ ಅಲ್ಲ. ಕಾಯಿಸಿದ್ದು ದೇವರಿಗೆ ಬರಲ್ಲ ಕಣೇ ಎಂದಷ್ಟೇ ಹೇಳಿದರು. ಮರುದಿನ ತೀರ್ಥ ಕೊಡಲಿಲ್ಲ. ಮೊಮ್ಮಗಳ ಕೈಗೆ ಒಂದು ಹೂವು ಕೊಟ್ಟು, ಬಟ್ಟಲಿನಲ್ಲಿದ್ದುದನ್ನು ತುಳಸಿಯ ಬುಡಕ್ಕೆ ಸುರಿದರು. ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ. ಮುನಿಸಿಕೊಂಡಿದ್ದಾರೆ ಎಂದುಕೊಂಡೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆದರೆ ಈ ಕಾಯಿಲೆ ಮೈಯೊಳಗೆ ಹೊಕ್ಕ ಮೇಲೆ ತೋರಿಸಿಕೊಳ್ಳಲು ವಾರಗಳೇ ಹಿಡಿಯಬಹುದು, ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ, ಕೂಡಲೇ ಬನ್ನಿ ಎಂದರು. ಅಂದರೆ ಕಾಯಬೇಕು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಕಾಮಾಲೆ ಬಾರದೆಯೂ ನನಗೆ ಹಾಗಾಯಿತು. ಮಗಳು ನಿದ್ದೆಯಿಂದ ಎದ್ದ ಕೂಡಲೇ ಕಿಟಕಿಯ ಬೆಳಕಿಗೆ ಕರೆದು ಕಣ್ಣಿನ ಬಿಳಿ ಗುಡ್ಡೆ ನೋಡುತ್ತಿದ್ದೆ. ಬಿಸಿಲು ಹಳದಿ, ಗೋಡೆಯ ಬಣ್ಣ ಹಳದಿ. ಶುಕ್ರವಾರ ಅಜ್ಜಿ ಅವಳ ಕೆನ್ನೆಗೆ ಅರಿಶಿನ ಹಚ್ಚಿದರಂತೂ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅರಿಶಿನ ಬೇಡ ಎಂದು ಮುತ್ತೈದೆಗೆ ಹೇಳುವ ಹಾಗಿಲ್ಲ, ಹಚ್ಚಿದ ಮೇಲೆ ಏನೂ ಕಾಣುವ ಹಾಗಿಲ್ಲ. ಅವಳು ಒಂದು ತುತ್ತು ಬಿಟ್ಟರೆ ಊಟ ಸೇರಲಿಲ್ಲವೇ ಎನ್ನುತ್ತಿದ್ದೆ. ಕೊನೆಗೆ ಅವಳೇ ರೇಗಿದಳು.

"ಅಮ್ಮ, ಹುಷಾರಾಗೇ ಇದೀನಿ. ನೀನು ನೋಡೋದು ನೋಡಿದ್ರೇ ಭಯ ಆಗತ್ತೆ."

ಆಮೇಲೆ ಕದ್ದು ನೋಡಲು ಕಲಿತೆ. ಅತ್ತೆ ಮಾತ್ರ ರಾಜಾರೋಷವಾಗಿ ನೋಡುತ್ತಿದ್ದರು. ಪೂಜೆಯಾದ ಮೇಲೆ ಮೊಮ್ಮಗಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಗಲ್ಲ ಹಿಡಿದೆತ್ತಿ, ಕುಂಕುಮ ಇಟ್ಟು, ಬಹಳ ಹೊತ್ತು ಮುಖ ನೋಡಿ ಕಳಿಸುತ್ತಿದ್ದರು. ಅಜ್ಜಿಯ ಮುದ್ದು ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಗೇಟಿನಿಂದ ಸ್ವಲ್ಪ ದೂರದಲ್ಲಿ ಒಡೆದ ಪೈಪು ಸಿಕ್ಕಿತು, ಸರಿ ಮಾಡಿದರು, ನೀರು ತಿಳಿಯಾಯಿತು. ಬೀದಿಯವರು ಮರೆತರು. ನಮ್ಮ ಮನೆಯಲ್ಲಿ ಮರೆಯುವ ಹಾಗಿರಲಿಲ್ಲ.

ದಿನ ತುಂಬಿ, ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಮಗಳ ರಕ್ತ ಪರೀಕ್ಷೆಯಲ್ಲಿ ಆಗಲೂ ಏನೂ ಇರಲಿಲ್ಲ. ನಾನು ಎಷ್ಟೋ ವಾರಗಳ ಮೇಲೆ ನೆಮ್ಮದಿಯಾಗಿ ಉಸಿರಾಡಿದೆ. ಎರಡು ದಿನವಾಗಿರಬೇಕು, ಸ್ನಾನ ಮಾಡಿಸಿ ತಂದ ಮಗುವಿನ ಮುಖ ನೋಡಿದರೆ ಹಳದಿ. ಕಣ್ಣೂ ಹಳದಿ. ಈ ಸಲ ಅರಿಶಿನವಿರಲಿಲ್ಲ, ಗೋಡೆಯೂ ಬಿಳಿ.

ನರ್ಸ್ ಗಾಬರಿಯಾಗಲಿಲ್ಲ. ಹುಟ್ಟಿದ ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಇದು ನೀರಿನಿಂದ ಬರುವುದಲ್ಲ, ನೀಲಿ ದೀಪದ ಕೆಳಗೆ ಇಟ್ಟರೆ ಇಳಿಯುತ್ತದೆ ಎಂದರು. ಮಕ್ಕಳ ಡಾಕ್ಟರು ಬಂದು ನೋಡಿ ಅದನ್ನೇ ಹೇಳಿದರು. ನಾನು ತಲೆಯಾಡಿಸಿದೆ, ನಂಬಲಿಲ್ಲ.

ಆ ಮಧ್ಯಾಹ್ನ ನಮ್ಮ ಯಜಮಾನರು ಅತ್ತೆಯವರನ್ನು ಕರೆದುಕೊಂಡು ಬಂದರು. ಮಗುವನ್ನು ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಯಾಕೆ ಎಂದು ಯಜಮಾನರು ತಾಯಿಗೆ ವಿವರಿಸಿದರು. ಅತ್ತೆ ಗಾಜಿನಾಚೆಯಿಂದ ನೋಡಿದರು. ಆಮೇಲೆ ನನ್ನ ಮೊಣಕೈ ಹಿಡಿದು ಹೊರಗಿನ ಬೆಂಚಿನ ಹತ್ತಿರ ಕರೆದುಕೊಂಡು ಹೋದರು.

"ನಿಜ ಹೇಳೇ. ನಾನು ಕೊಟ್ಟ ತೀರ್ಥದಿಂದ ಆಯ್ತಾ?"

ಇಷ್ಟು ವಾರ ಅವರು ಮುನಿಸಿಕೊಂಡಿರಲಿಲ್ಲ. ದಿನಾ ಬೆಳಿಗ್ಗೆ ಗಲ್ಲ ಹಿಡಿದೆತ್ತಿ ಅವರು ನೋಡುತ್ತಿದ್ದುದು ನಾನು ನೋಡುತ್ತಿದ್ದುದನ್ನೇ. ನನಗೆ ಹೇಳಿಕೊಳ್ಳಲು ಡಾಕ್ಟರಿದ್ದರು, ಬೈಯಲು ನೀರಿನವರಿದ್ದರು, ಮನಸ್ಸಿನಲ್ಲಿ ಬೈದುಕೊಳ್ಳಲು ಅತ್ತೆಯೂ ಇದ್ದರು. ಅವರಿಗೆ ಯಾರಿದ್ದರು? ಯಾರಲ್ಲಿ ಬೇಡಿಕೊಳ್ಳಬೇಕೋ ಆ ದೇವರ ಮುಂದೆಯೇ ಅವರು ಆ ನೀರನ್ನು ಇಟ್ಟಿದ್ದರು. ನನಗೆ ಅಳು ಬಂತು.

"ಅಲ್ಲ ಅಮ್ಮ. ಎಷ್ಟೋ ಮಕ್ಕಳಿಗೆ ಹೀಗಾಗುತ್ತಂತೆ. ಇದು ನೀರಿಂದ ಬರೋದಲ್ಲ," ಎಂದೆ. ನರ್ಸ್ ಹೇಳಿದಾಗ ನಾನು ನಂಬದ ಮಾತನ್ನೇ ಅವರಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ನಂಬಿಕೆ ಬಂತು. ಅತ್ತೆಯವರಿಗೆ ಬಂದಂತೆ ಕಾಣಲಿಲ್ಲ.

ಮರುದಿನದ ಹೊತ್ತಿಗೆ ಹಳದಿ ಇಳಿದಿತ್ತು. ಮಗುವನ್ನು ದೀಪದ ಕೆಳಗಿನಿಂದ ತಂದು ಮಗಳ ಮಗ್ಗುಲಿಗೆ ಮಲಗಿಸಿದರು. ಆ ದಿನವೂ ಬಂದಿದ್ದ ಅತ್ತೆಯವರನ್ನು, ಎತ್ತಿಕೊಳ್ಳಿ ಅಜ್ಜಿ ಎಂದು ಮಗಳು ಕರೆದಳು. ಅತ್ತೆ ಮೂಲೆಯ ಬೇಸಿನ್ನಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದರು, ಮತ್ತೆ ತೊಳೆದರು, ಸೆರಗಿಗೆ ಒರೆಸಿಕೊಂಡು ಮಂಚದವರೆಗೆ ಬಂದರು. ಅಲ್ಲಿ ನಿಂತು, ಮಗುವಿನ ಕಡೆ ಬಾಗುವ ಬದಲು ನನ್ನ ಕಡೆ ತಿರುಗಿ, ತೀರ್ಥಕ್ಕೆ ನಾವು ಒಡ್ಡುವ ಹಾಗೆಯೇ ಬಲಗೈಯನ್ನು ಗುಳಿ ಮಾಡಿ ನನ್ನ ಮೂಗಿನ ಹತ್ತಿರ ಹಿಡಿದರು.

"ಇಲ್ಲೀ ನಲ್ಲಿ ನೀರು ಹೇಗಿದೆಯೋ. ವಾಸನೆ ಇದೆಯಾ ನೋಡೇ."

ಬಾಗಿ ಮೂಸಿದೆ. ಸೋಪಿನದು ಬಿಟ್ಟರೆ ಬೇರೇನೂ ಇರಲಿಲ್ಲ. ಏನೂ ಇಲ್ಲ ಅಮ್ಮ, ಎತ್ಕೊಳ್ಳಿ ಎಂದೆ. ಅತ್ತೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ನೊಂದ್ಸಲ ನೋಡು," ಎಂದರು.